ಒಂಬತ್ತು ವರ್ಷದ ಕ್ರೆಡಿಟ್ ಕಾರ್ಡ್, ಆರು ದಿನದ ತಡ

ಈ ಕಾರ್ಡನ್ನು ನಾನು ತೆಗೆದುಕೊಂಡದ್ದು 2016ರಲ್ಲಿ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ, ನಾನು ಹೇಳಹೊರಟ ನಿಯಮ ಹೆಚ್ಚುಕಡಿಮೆ ಎಲ್ಲ ಕಾರ್ಡುಗಳಲ್ಲೂ ಇದೆ. ರಿವಾರ್ಡ್ ಪಾಯಿಂಟ್ ಎಷ್ಟು, ವಿಮಾನ ನಿಲ್ದಾಣದ ಲೌಂಜಿಗೆ ಪ್ರವೇಶ ಉಂಟೇ, ವಾರ್ಷಿಕ ಶುಲ್ಕ ಎಷ್ಟು ಎಂಬುದನ್ನೆಲ್ಲ ಬೇರೆಯವರು ಬರೆದಿದ್ದಾರೆ. ನಾನು ವಿಮಾನ ಹತ್ತುವುದೇ ಅಪರೂಪ. 2025ರ ಮೇ ತಿಂಗಳಿಗೆ ಮೊದಲು ಕೇಳಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ.

ನನ್ನ ಪದ್ಧತಿ ಹೀಗಿತ್ತು. ತಿಂಗಳ 12ಕ್ಕೆ ಬಿಲ್ಲು ಬರುತ್ತದೆ, ಮುಂದಿನ ತಿಂಗಳ 2ಕ್ಕೆ ಗಡುವು. ಬಿಲ್ಲನ್ನು ಮೊಬೈಲಿನಲ್ಲಿ ನೋಡುವುದು ನನಗೆ ಒಗ್ಗದು. ಮುದ್ರಿಸಿ, ನಾಲ್ಕಾಗಿ ಮಡಚಿ, ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತೇನೆ. ತಿಂಗಳ ಕೊನೆಯಲ್ಲಿ ಸಂಬಳ ಬಿದ್ದ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಹಳೆಯ ಕನ್ನಡಕದ ಡಬ್ಬಿಯೊಂದನ್ನು ತೆರೆಯುತ್ತೇನೆ. ಕಾರ್ಡ್ ಉಜ್ಜಿದಾಗಲೆಲ್ಲ ಯಂತ್ರದಿಂದ ಬಂದ ಚೀಟಿಗಳು ಅದರಲ್ಲಿ ಸುರುಳಿ ಸುತ್ತಿಕೊಂಡು ಕುಳಿತಿರುತ್ತವೆ. ಎರಡು ತಿಂಗಳು ಬಿಟ್ಟರೆ ಅಕ್ಷರವೇ ಮಾಸಿಹೋಗುವ ಆ ನುಣುಪು ಕಾಗದವನ್ನು ಒಂದೊಂದಾಗಿ ಬಿಡಿಸಿ, ಬಿಲ್ಲಿನ ಸಾಲಿಗೆ ತಾಳೆ ನೋಡಿ, ಪೆನ್ಸಿಲಿನಿಂದ ಚುಕ್ಕೆ ಇಡುತ್ತೇನೆ. ಎಲ್ಲ ಸಾಲಿಗೂ ಚುಕ್ಕೆ ಬಿದ್ದ ಮೇಲೆ ಹಣ ಕಟ್ಟಿ, ಡೈರಿಯಲ್ಲಿ ಆ ತಿಂಗಳ ಹೆಸರಿನ ಮುಂದೆ ಒಂದು ಗೀಟು. ಒಂಬತ್ತು ವರ್ಷಕ್ಕೆ ನೂರೆಂಟು ಗೀಟು. ಹಣ ತಾನಾಗಿಯೇ ಕಡಿತವಾಗುವ ಆಟೋ ಪಾವತಿ ಮಾಡಿಕೊಳ್ಳಿ ಎಂದು ಮಗಳು ಎಷ್ಟು ಸಲ ಹೇಳಿದರೂ ನಾನು ಒಪ್ಪಿರಲಿಲ್ಲ. ನನ್ನ ಹಣ ನನ್ನ ಕೈಯಿಂದಲೇ ಹೋಗಬೇಕು ಎಂಬ ಹಟ.

ಇನ್ನೊಂದು ಸಣ್ಣ ಜಾಣತನವೂ ಇತ್ತು. ದೊಡ್ಡ ವಸ್ತು ಏನೇ ಕೊಳ್ಳುವುದಿದ್ದರೂ 12 ಕಳೆಯುವವರೆಗೆ ಕಾಯುತ್ತಿದ್ದೆ. ಬಿಲ್ಲು ಮುಗಿದ ಮರುದಿನವೋ ಅದರ ಮರುದಿನವೋ ಕೊಂಡರೆ ಅದು ಮುಂದಿನ ಬಿಲ್ಲಿಗೆ ಹೋಗುತ್ತದೆ, ಅಲ್ಲಿಂದ ಗಡುವಿಗೆ ಮತ್ತೆ ಇಪ್ಪತ್ತು ದಿನ. 2025ರ ಮಾರ್ಚ್ 14ರಂದು 40,000 ರೂಪಾಯಿಯ ಫ್ರಿಜ್ ಕೊಂಡದ್ದು ಹಾಗೆಯೇ. ಕಟ್ಟಬೇಕಾದದ್ದು ಮೇ 2ಕ್ಕೆ. ಬ್ಯಾಂಕಿನ ಹಣ 49 ದಿನ ಬಡ್ಡಿಯಿಲ್ಲದೆ ನನ್ನ ಬಳಿ. ಯಾರೋ ಕೊಡದಿದ್ದ ಬಹುಮಾನವನ್ನು ನಾನೇ ತೆಗೆದುಕೊಂಡಂತೆ ಬೀಗಿದ್ದೆ.

ಏಪ್ರಿಲ್ 30ರ ರಾತ್ರಿ ಚುಕ್ಕೆಗಳ ಕೆಲಸ ಮುಗಿಸಿ, ಡೈರಿಯಲ್ಲಿ ಗೀಟು ಹಾಕಿ, ಆಮೇಲೆ ಮೊಬೈಲ್ ಕೈಗೆತ್ತಿಕೊಂಡೆ. ಅನುಕ್ರಮ ತಪ್ಪಿದ್ದು ಅಲ್ಲಿ. ಮೊತ್ತ ತುಂಬಿದೆ, ಒಟಿಪಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ, ಬರಲಿಲ್ಲ. ಬೆಳಿಗ್ಗೆ ನೋಡೋಣ ಎಂದು ಮಲಗಿದೆ. ಬೆಳಿಗ್ಗೆ ಎದ್ದಾಗ ಡೈರಿಯಲ್ಲಿ ಗೀಟು ಇತ್ತು. ಬ್ಯಾಂಕಿನಿಂದ ನೆನಪಿನ ಸಂದೇಶ ಬಂದಾಗಲೂ 'ಕಟ್ಟಿಯಾಗಿದೆಯಲ್ಲ, ಇವರದ್ದು ಇನ್ನೂ ಜಮೆಯಾಗಿಲ್ಲವೇನೋ' ಎಂದುಕೊಂಡೆ. ದಿನಕ್ಕೆರಡು ಸಲ ಸಾಲ ಬೇಕೇ, ವಿಮೆ ಬೇಕೇ ಎಂದು ಕೇಳುವ ಅದೇ ಸಂಖ್ಯೆಯಿಂದ ಬಂದದ್ದು ಅದು. ತೋಳ ಬಂತು ತೋಳ ಎಂದು ದಿನವೂ ಕೂಗುವವರ ಮಾತನ್ನು ಯಾರು ಕೇಳುತ್ತಾರೆ?

ಮೇ 8ರಂದು ಬೇರೇನೋ ಹುಡುಕುತ್ತ ಬ್ಯಾಂಕಿನ ಆ್ಯಪ್ ತೆರೆದಾಗ ಕೆಂಪು ಪಟ್ಟಿ ಕಂಡಿತು. ನಿಂತಲ್ಲೇ ಇಡೀ ಬಾಕಿ ಕಟ್ಟಿದೆ. ಆರು ದಿನದ ತಡಕ್ಕೆ ಎಷ್ಟು ಬಡ್ಡಿ ಬೀಳಬಹುದೆಂದು ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದೆ. ನನ್ನ ಕಾರ್ಡಿನ ದರ ತಿಂಗಳಿಗೆ ಶೇಕಡಾ 3.5, ವರ್ಷಕ್ಕೆ 42. ಫ್ರಿಜ್ಜಿನ ನಲವತ್ತು ಸಾವಿರಕ್ಕೆ ದಿನಕ್ಕೆ 46 ರೂಪಾಯಿ. ಆರು ದಿನಕ್ಕೆ 276. ಇನ್ನು ತಡದ ಶುಲ್ಕ. ಹೋಗಲಿ, ತಪ್ಪು ನನ್ನದೇ ಎಂದು ಸುಮ್ಮನಾದೆ.

ಮೇ 12ರ ಬಿಲ್ಲಿನಲ್ಲಿ ಬಡ್ಡಿಯೆಂದು ಇದ್ದದ್ದು 3,081 ರೂಪಾಯಿ. ತಡದ ಶುಲ್ಕ 1,100. ಎರಡರ ಮೇಲೂ ಶೇಕಡಾ 18 ಜಿಎಸ್‌ಟಿ. ಒಟ್ಟು ಐದು ಸಾವಿರಕ್ಕೆ ಅರವತ್ತಾರು ಕಡಿಮೆ. ಆ ರಾತ್ರಿ ಪೆನ್ಸಿಲ್ ಹಿಡಿದು ಎಷ್ಟು ಹೊತ್ತು ಕುಳಿತರೂ ಆ ಒಂದು ಸಾಲಿಗೆ ಚುಕ್ಕೆ ಇಡಲಾಗಲಿಲ್ಲ. ತಾಳೆ ನೋಡಲು ಡಬ್ಬಿಯಲ್ಲಿ ಅದಕ್ಕೆ ಚೀಟಿಯೇ ಇರಲಿಲ್ಲ.

ಗ್ರಾಹಕ ಸೇವೆಗೆ ಕರೆ ಮಾಡಿದೆ. ಜಗಳಕ್ಕೆ ಸಿದ್ಧವಾಗಿಯೇ ಮಾಡಿದ್ದೆ. ಫೋನೆತ್ತಿದ ಹುಡುಗಿ ನನ್ನ ಕೂಗಾಟ ಮುಗಿಯುವವರೆಗೆ ಸುಮ್ಮನಿದ್ದು, "ಸರ್, ಫ್ರಿಜ್ ಕೊಂಡ ತಾರೀಕು ಹೇಳುತ್ತೀರಾ?" ಎಂದು ಕೇಳಿದಳು.

"ಮಾರ್ಚ್ 14."

"ಅಲ್ಲಿಂದ ಮೇ 8ರವರೆಗೆ ಎಣಿಸಿ ನೋಡಿ ಸರ್."

ಎಣಿಸಿದೆ. ಐವತ್ತೈದು ದಿನ. ದಿನಕ್ಕೆ 46ರಂತೆ ಎರಡೂವರೆ ಸಾವಿರ ದಾಟಿತು.

ಈ ವಿಮರ್ಶೆ ಬರೆಯಲು ಕೂತದ್ದು ಈ ಒಂದು ವಿಷಯಕ್ಕಾಗಿಯೇ. ಬಡ್ಡಿ ಗಡುವು ಮೀರಿದ ದಿನದಿಂದ ಶುರುವಾಗುವುದಿಲ್ಲ, ವಸ್ತು ಕೊಂಡ ದಿನದಿಂದ ಶುರುವಾಗುತ್ತದೆ. ಬಡ್ಡಿರಹಿತ ಅವಧಿ ಎಂಬುದು ಬ್ಯಾಂಕ್ ಕೊಟ್ಟುಬಿಟ್ಟದ್ದಲ್ಲ. ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟಿದರೆ ಮಾತ್ರ ಮನ್ನಾ, ಇಲ್ಲವಾದರೆ ಮೊದಲ ದಿನದಿಂದಲೇ ಲೆಕ್ಕ. ಬಿಲ್ಲು ಮುಗಿಯುವುದನ್ನು ಕಾದು ನಾನು ಗಳಿಸಿದ್ದ 49 ದಿನವೇ ನನಗೆ ತಿರುಗುಬಾಣವಾಯಿತು. ಅದೇ ಫ್ರಿಜ್ಜನ್ನು ಏಪ್ರಿಲ್ 10ರಂದು ಕೊಂಡು ಇದೇ ತಪ್ಪು ಮಾಡಿದ್ದರೆ 28 ದಿನದ ಬಡ್ಡಿ ಬೀಳುತ್ತಿತ್ತು, ಈಗಿನದರ ಅರ್ಧದಷ್ಟು. ಹೆಚ್ಚು ಜಾಣನಾದವನಿಗೆ ಹೆಚ್ಚು ದಂಡ.

ಅಲ್ಲಿಗೂ ಮುಗಿಯಲಿಲ್ಲ. ಹಳೆಯ ಬಾಕಿ ಉಳಿದಿದ್ದರಿಂದ ಏಪ್ರಿಲ್ 12ರ ನಂತರ ಕೊಂಡ ಸಣ್ಣಪುಟ್ಟ ಸಾಮಾನುಗಳಿಗೂ ಬಡ್ಡಿರಹಿತ ಅವಧಿ ಇಲ್ಲವಾಗಿತ್ತು. ಔಷಧಿಗೆ ಕಾರ್ಡ್ ಉಜ್ಜಿದ ದಿನದಿಂದಲೇ ಔಷಧಿಗೂ ಬಡ್ಡಿ.

ಆ ಹುಡುಗಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಒಂಬತ್ತು ವರ್ಷದ ದಾಖಲೆ ನೋಡಿ, ಮೊದಲ ತಪ್ಪೆಂದು ತಾನೇ ಮೇಲಿನವರನ್ನು ಕೇಳಿ, ತಡದ ಶುಲ್ಕವನ್ನೂ ಅದರ ತೆರಿಗೆಯನ್ನೂ ಮನ್ನಾ ಮಾಡಿಸಿದಳು. ಬಡ್ಡಿಯ ವಿಷಯ ತನ್ನ ಕೈಯಲ್ಲಿಲ್ಲ ಎಂದಳು. ನೀವೂ ಎಂದಾದರೂ ಎಡವಿದರೆ ಬಾಕಿ ಕಟ್ಟಿ, ನಂತರ ಕರೆ ಮಾಡಿ ಕೇಳಿ. ಕೂಗಾಡದೆ ಕೇಳಿ. ನಾನು ಕೂಗಾಡಿದ್ದಕ್ಕೆ ಕ್ಷಮೆ ಕೇಳಿಯೇ ಫೋನ್ ಇಟ್ಟೆ.

ಸಿಟ್ಟು ಇಳಿದ ಮೇಲೆ ದರದ ಬಗ್ಗೆ ಯೋಚಿಸಿದೆ. ಹಳ್ಳಿಯಲ್ಲಿ ಯಾರಾದರೂ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ಕೊಟ್ಟರೆಂದರೆ ಅವರನ್ನು ಬಡ್ಡಿಕೋರರೆಂದು ಬೈಯುತ್ತೇವೆ. ಈ ಕಾರ್ಡಿನದು ನೂರಕ್ಕೆ ಮೂರೂವರೆ. ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ ಕಟ್ಟದೆ ಬಿಟ್ಟ ಹಣ ಸುಮಾರು ಇಪ್ಪತ್ತು ತಿಂಗಳಲ್ಲಿ ಎರಡರಷ್ಟಾಗುತ್ತದೆ. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಹಾಗಾಗಿ ಮಿತಿಯ ಆಸೆ ಇಟ್ಟುಕೊಳ್ಳುವಂತಿಲ್ಲ.

ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದೊಂದು ಸಣ್ಣ ಮೊತ್ತ ಇರುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ವರ್ಷದಿಂದ ಅದನ್ನಷ್ಟೇ ಕಟ್ಟುತ್ತ, ತಡ ಮಾಡಿಲ್ಲವೆಂದು ನೆಮ್ಮದಿಯಾಗಿದ್ದರು. ತಡದ ಶುಲ್ಕ ಬೀಳುವುದಿಲ್ಲ, ನಿಜ. ಉಳಿದ ಬಾಕಿಯ ಮೇಲೆ ಇದೇ ಮೂರೂವರೆ ಓಡುತ್ತಲೇ ಇರುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ನನ್ನ ಬಿಲ್ಲು ತೋರಿಸಿದ ಮೇಲೆ ಅವರ ಮುಖ ಬಾಡಿತು.

ಇನ್ನು ಕ್ರೆಡಿಟ್ ಸ್ಕೋರ್. ಮನೆ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದುದರಿಂದ ಎದೆ ಹೊಡೆದುಕೊಂಡದ್ದು ಇದಕ್ಕೇ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಗಡುವು ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಬ್ಯಾಂಕ್ ತಡದ ಶುಲ್ಕ ಹಾಕಬಹುದು, ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ಬಾಕಿಯೆಂದು ವರದಿ ಮಾಡಬಹುದು. ಆದರೆ ಮೂರು ದಿನ ದಾಟಿದರೆ ಎಣಿಕೆ ಮೂಲ ಗಡುವಿನಿಂದಲೇ. ನಾನು ಮೇ 5ರೊಳಗೆ ಎಚ್ಚೆತ್ತಿದ್ದರೆ ಇವೆರಡೂ ತಪ್ಪುತ್ತಿದ್ದವು. ಬಡ್ಡಿ ಮಾತ್ರ ತಪ್ಪುತ್ತಿರಲಿಲ್ಲ.

ಅಂಥ ಸಂಸ್ಥೆಗಳಲ್ಲೊಂದಾದ ಸಿಬಿಲ್‌ನ ವರದಿಯಲ್ಲಿ ಕಳೆದ 36 ತಿಂಗಳಿಗೂ ಒಂದೊಂದು ಚಿಕ್ಕ ಚೌಕ, ಅದರೊಳಗೆ ಎಷ್ಟು ದಿನ ತಡವಾಗಿದೆ ಎಂಬ ಅಂಕಿ. ನನ್ನವು ಸಾಲಾಗಿ ಮೂರು ಮೂರು ಸೊನ್ನೆ. ಜೂನ್ ಕೊನೆಯಲ್ಲಿ ವರದಿ ತೆಗೆದು, ಮೇ ತಿಂಗಳ ಚೌಕದ ಮೇಲೆ ಹೆಬ್ಬೆರಳಿಟ್ಟು, ನಿಧಾನವಾಗಿ ಸರಿಸಿದೆ. ಅಲ್ಲಿಯೂ ಮೂರು ಸೊನ್ನೆ! 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳ 15 ಮತ್ತು ಕೊನೆಯ ದಿನದ ಸ್ಥಿತಿಯನ್ನು ವರದಿ ಮಾಡುತ್ತಿದ್ದವು. ನನ್ನ ಆರು ದಿನ ಆ ಎರಡರ ನಡುವಿನ ಸಂದಿಯಲ್ಲಿ ಬಿದ್ದು ಕಾಣದಾಗಿತ್ತು. ಇದು ಕಾರ್ಡಿನ ಗುಣವಲ್ಲ, ಬರಿಯ ಅದೃಷ್ಟ. ನಕ್ಷತ್ರದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಹೀಗೆ ಸ್ವಲ್ಪ ಮೆತ್ತಗಾಗಿದ್ದೆ. ಆದರೆ ಅದಕ್ಕೆ ಮೊದಲೇ, ಜೂನ್ 12ರ ಬಿಲ್ಲು ಬಂದ ದಿನ, ಮತ್ತೊಂದು ಸಾಲು ಕಂಡಿತ್ತು: ಬಡ್ಡಿ, ತೆರಿಗೆ ಸೇರಿ 47 ರೂಪಾಯಿ. ಮೇ ಬಿಲ್ಲು ತಯಾರಾದ ದಿನಕ್ಕೂ ನಾನು ಅದನ್ನು ಕಟ್ಟಿದ ದಿನಕ್ಕೂ ನಡುವೆ ಇದ್ದ ಎರಡು ದಿನದ ಬಾಲ. ಪೂರ್ತಿ ಬಿಲ್ಲು ಕಟ್ಟಿದವನಿಗೂ ಈ ಬಾಲ ಬರುತ್ತದೆ ಎಂದು ಬಿಲ್ಲಿನಲ್ಲಿ ಎಲ್ಲಿಯೂ ಕಣ್ಣಿಗೆ ಬೀಳುವಂತೆ ಬರೆದಿಲ್ಲ. ಎಲ್ಲ ತೀರಿತೆಂದು ಬಿಲ್ಲು ತೆರೆಯದೆ ಬಿಟ್ಟಿದ್ದರೆ ಆ ನಲವತ್ತೇಳು ರೂಪಾಯಿ ಹೊಸ ಬಾಕಿಯಾಗಿ, ಮತ್ತೆ ಬಡ್ಡಿರಹಿತ ಅವಧಿ ಹೋಗಿ, ಇಡೀ ಕಥೆ ಮೊದಲಿನಿಂದ. ಮೂರು ಸಾವಿರಕ್ಕಿಂತ ಈ ನಲವತ್ತೇಳು ನನ್ನನ್ನು ಹೆಚ್ಚು ಕೆರಳಿಸಿತು.

ಕಾರ್ಡ್ ಇನ್ನೂ ಇದೆ, ಬಳಸುತ್ತಿದ್ದೇನೆ. ಮಗಳ ಮಾತು ಕೇಳಿ ಆಟೋ ಪಾವತಿ ಹಾಕಿದೆ. ಅಲ್ಲಿ 'ಕನಿಷ್ಠ' ಮತ್ತು 'ಪೂರ್ಣ' ಎಂಬ ಎರಡು ಆಯ್ಕೆಗಳಿರುತ್ತವೆ, ಪೂರ್ಣವನ್ನೇ ಆರಿಸಿಕೊಳ್ಳಿ, ಖಾತೆಯಲ್ಲಿ ಅಷ್ಟು ಹಣವೂ ಇರಲಿ. ಬಿಲ್ಲಿನ ದಿನವನ್ನು ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಗ್ರಾಹಕರಿಗೆ ಕೊಟ್ಟಿದೆ ಎಂಬುದು ಒಂಬತ್ತು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಕೇಳಿ ಬದಲಿಸಿಕೊಂಡೆ. ಈಗ ಸಂಬಳ ಬಂದು ವಾರ ಕಳೆದ ಮೇಲೆ ಗಡುವು.

ಮೂರು ನಕ್ಷತ್ರ. ಎರಡನ್ನು ಕಳೆದದ್ದು ಬಡ್ಡಿಗಾಗಿ ಅಲ್ಲ, ಅದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸಾಲ ಬೇಕೇ ಎಂದು ಕೇಳುವಷ್ಟು ದೊಡ್ಡ ಅಕ್ಷರದಲ್ಲಿ ಹೇಳದಿದ್ದುದಕ್ಕೆ. ಕನ್ನಡಕದ ಡಬ್ಬಿ, ಪೆನ್ಸಿಲ್, ಚುಕ್ಕೆ ಎಲ್ಲ ಹಾಗೆಯೇ ಇವೆ. ಡೈರಿಯ ಗೀಟು ಮಾತ್ರ ಹಣ ಜಮೆಯಾದ ಸಂದೇಶ ಬಂದ ಮೇಲೆ.