ಫೈಬರ್ ಸಂಪರ್ಕದ ಜೊತೆ ಬಂದ ರೂಟರ್: ಭದ್ರತೆ ಇದೆ, ಹಾಕಿಕೊಟ್ಟಿರಲಿಲ್ಲ

ಫೈಬರ್ ಇಂಟರ್ನೆಟ್ ಸಂಪರ್ಕದ ಜೊತೆಗೆ ಕಂಪನಿಯವರೇ ಕೊಟ್ಟ ರೂಟರನ್ನು ನಮ್ಮ ಮನೆಯಲ್ಲಿ ಬಳಸಲಾರಂಭಿಸಿ ನಾಲ್ಕು ತಿಂಗಳಾಯಿತು. ವೇಗದ ಬಗ್ಗೆ ದೂರಿಲ್ಲ, ಅಡುಗೆಮನೆಯವರೆಗೂ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ನನ್ನ ಆಕ್ಷೇಪವಿರುವುದು ವೈಫೈ ಎನ್‌ಕ್ರಿಪ್ಷನ್ನನ್ನು, ಅಂದರೆ ಗಾಳಿಯಲ್ಲಿ ಸಾಗುವ ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಮಾಡುವ ವ್ಯವಸ್ಥೆಯನ್ನು, ಹೊಂದಿಸಿಕೊಟ್ಟ ರೀತಿಯ ಬಗ್ಗೆ.

ಜೋಡಿಸಲು ಬಂದ ಯುವಕ ತಂದೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ, "ನೆನಪಿಟ್ಕೊಳ್ಳೋಕೆ ಸುಲಭ ಸರ್" ಎಂದು ಹೇಳಿ ಹೋದರು. ಮಹಡಿಯ ಮನೆ ಬಾಡಿಗೆಗಿದೆ ಎಂದು ಗೇಟಿಗೆ ಕಟ್ಟಿರುವ ಬೋರ್ಡಿನಲ್ಲಿ ಅದೇ ನಂಬರು ದಪ್ಪ ಅಂಕಿಗಳಲ್ಲಿದೆ. ಬೋರ್ಡು ಇಲ್ಲದಿದ್ದರೂ ಅಪಾಯ ತಪ್ಪುತ್ತಿರಲಿಲ್ಲ: ವೈಫೈ ಭದ್ರತೆಯ ಡಬ್ಲ್ಯುಪಿಎ-2 ಪದ್ಧತಿಯಲ್ಲಿ ಫೋನೊಂದು ರೂಟರಿಗೆ ಸೇರುವಾಗ ನಡೆಯುವ ಸಂದೇಶ ವಿನಿಮಯವನ್ನು ಹೊರಗಿನವರು ಹಿಡಿದಿಟ್ಟುಕೊಂಡರೆ, ಆಮೇಲೆ ತಮ್ಮ ಮನೆಯಲ್ಲೇ ಕುಳಿತು ಪಾಸ್‌ವರ್ಡುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಅಷ್ಟನ್ನೂ ನೋಡಿ ಮುಗಿಸಲು ಒಂದು ದಿನವೂ ಬೇಡ.

ಅಂದು ಸಂಜೆಯೇ ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ಸ್ ಪುಟದ ವಿಳಾಸವಾದ 192.168.1.1 ತೆರೆದು, ರೂಟರಿನ ತಳದ ಚೀಟಿಯಲ್ಲಿದ್ದ ಹೆಸರು, ಪಾಸ್‌ವರ್ಡು ಕೊಟ್ಟು ಒಳಹೊಕ್ಕೆ. 2001ರಲ್ಲೇ ಮುರಿದುಬಿದ್ದ ಡಬ್ಲ್ಯುಇಪಿ ಎಂಬ ಹಳೆಯ ಭದ್ರತಾ ಪದ್ಧತಿ ಈಗಲೂ ಆಯ್ಕೆಗಳ ಪಟ್ಟಿಯಲ್ಲಿರುವುದು ಸರಿಯಲ್ಲ. ಆಯ್ಕೆಯಾಗಿದ್ದದ್ದು ಡಬ್ಲ್ಯುಪಿಎ ಮತ್ತು ಡಬ್ಲ್ಯುಪಿಎ-2 ಮಿಶ್ರ, ಅಂದರೆ ಟಿಕೆಐಪಿ ಎಂಬ ಹಳೆಯ ಎನ್‌ಕ್ರಿಪ್ಷನ್ ವಿಧಾನಕ್ಕೂ ಬಾಗಿಲು ತೆರೆದಿತ್ತು. ಟಿಕೆಐಪಿ ಮೂಲಕ ಸೇರಿದ ಸಾಧನ 54 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ ದಾಟುವುದಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ಅಲ್ಲಿಯೇ ನಿಂತಿತ್ತು. ಎಇಎಸ್ ಎಂಬ ಹೊಸ ವಿಧಾನವನ್ನು ಮಾತ್ರ ಉಳಿಸಿ, ಲ್ಯಾಪ್‌ಟಾಪನ್ನು ಹೊಸದಾಗಿ ಸೇರಿಸಿದ ಮೇಲೆ ಅದರಲ್ಲಿ 144 ಕಾಣಿಸಿತು.

ಮೆಚ್ಚಬೇಕಾದ ಸಂಗತಿಯೆಂದರೆ, 2018ರಲ್ಲಿ ಬಂದ ಡಬ್ಲ್ಯುಪಿಎ-3 ಈ ರೂಟರಿನಲ್ಲಿದೆ. ಮೇಲೆ ಹೇಳಿದ ಹಾಗೆ ಹೊರಗೆ ಕುಳಿತು ಊಹಿಸುವ ದಾರಿಯನ್ನು ಅದು ಮುಚ್ಚುತ್ತದೆ. ಅದೊಂದನ್ನೇ ಆರಿಸಿದಾಗ ಪ್ರಿಂಟರ್ ಸೇರಲೇ ಇಲ್ಲವಾದ್ದರಿಂದ, ಡಬ್ಲ್ಯುಪಿಎ-2 ಮತ್ತು 3 ಎರಡಕ್ಕೂ ಅವಕಾಶ ಕೊಡುವ ಆಯ್ಕೆಗೆ ಬಂದೆ. ಹಾಗೆ ಮಾಡಿದರೆ ಡಬ್ಲ್ಯುಪಿಎ-2ರ ದೌರ್ಬಲ್ಯವೂ ಉಳಿಯುವುದರಿಂದ, ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದೆ. ಅಮ್ಮನಿಗೆ ಎರಡನೇ ಸಲಕ್ಕೇ ಬಾಯಿಪಾಠವಾಯಿತು.

ಪಾಸ್‌ವರ್ಡ್ ಟೈಪ್ ಮಾಡದೆಯೇ ಸಾಧನಗಳನ್ನು ಸೇರಿಸುವ ಡಬ್ಲ್ಯುಪಿಎಸ್ ಎಂಬ ಎಂಟಂಕಿಯ ಪಿನ್ ಸೌಲಭ್ಯವೂ ಆನ್ ಆಗಿತ್ತು. ಆ ಪಿನ್ನನ್ನು ಎರಡು ಭಾಗವಾಗಿ ಪರಿಶೀಲಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳು ಸಾಕೆಂದು 2011ರಲ್ಲೇ ಬಯಲಾಗಿದೆ. ಅದನ್ನೂ ಆಫ್ ಮಾಡಿದೆ. ಕಳೆದ ತಿಂಗಳು ಕಂಪನಿ ದೂರದಿಂದಲೇ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಬಳಿಕ ಅದು ಮತ್ತೆ ಆನ್ ಆಗಿತ್ತು. ಸಹಾಯವಾಣಿಗೆ ಕರೆ ಮಾಡಿದಾಗ "ಸೆಟ್ಟಿಂಗ್ಸ್ ಮುಟ್ಟಬೇಡಿ" ಎಂಬ ಉತ್ತರ ಬಂತು.

ರೂಟರಿಗೆ ಐದಕ್ಕೆ ನಾಲ್ಕು, ಜೋಡಣೆಯ ಸೇವೆಗೆ ಒಂದು. ಇದೇ ಸಂಪರ್ಕ ತೆಗೆದುಕೊಳ್ಳುವವರು ಜೋಡಿಸಲು ಬಂದವರು ಹೊರಡುವ ಮೊದಲೇ ಆ ಸೆಟ್ಟಿಂಗ್ಸ್ ಪುಟವನ್ನು ತೆರೆಸಿ, ಪಾಸ್‌ವರ್ಡನ್ನು ತಾವೇ ಟೈಪ್ ಮಾಡಬೇಕೆಂದು ಕೋರುತ್ತೇನೆ.