ಕೊಡಗಿನ ಏರುತಗ್ಗಿನಲ್ಲಿ ಓಟವೋ, ಸೈಕಲ್ಲೋ?

ಮಡಿಕೇರಿಯಲ್ಲಿ ಸಪಾಟಾದ ರಸ್ತೆ ಸಿಗುವುದು ಕಷ್ಟ. ಗೇಟು ದಾಟಿದರೆ ಒಂದೋ ಏರು, ಇಲ್ಲಾ ಇಳಿಜಾರು. ಬಯಲುಸೀಮೆಯವರು ಕೊಡುವ ಸಲಹೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಕೆರೆ ಸುತ್ತ ಓಡಿ, ರಿಂಗ್ ರೋಡಿನಲ್ಲಿ ಸೈಕಲ್ ತುಳಿಯಿರಿ ಅನ್ನುತ್ತಾರೆ. ನಮಗೆ ಆ ಕೆರೆಯೂ ಇಲ್ಲ, ಆ ರಿಂಗ್ ರೋಡೂ ಇಲ್ಲ.

ನಾನು ನಲವತ್ತು ದಾಟಿದ ಮೇಲೆ ಓಡಲು ಶುರು ಮಾಡಿದವಳು. ಆಮೇಲೆ ಗೇರ್ ಸೈಕಲ್ ತೆಗೆದುಕೊಂಡೆ. ಮಳೆ, ಬೇಸಿಗೆ, ಕಾಫಿ ಕುಯ್ಲು ಎಲ್ಲ ಕಾಲದಲ್ಲೂ ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ನಾದಿನಿ ಇರುವುದು ಕುಶಾಲನಗರದಲ್ಲಿ. ಅವಳು ಪೂರ್ತಿ ಸೈಕಲ್ ಪಕ್ಷ. "ಅತ್ತಿಗೆ, ಮಂಡಿ ಇರೋದು ಎರಡೇ, ಯಾಕೆ ಸವೆಸ್ತೀರಿ?" ಅಂತ ಸಿಕ್ಕಾಗಲೆಲ್ಲ ಕೇಳುತ್ತಾಳೆ. ಅವಳ ಊರಿನಲ್ಲಿ ಅವಳ ಮಾತು ಬಹುಪಾಲು ಸರಿ. ನನ್ನ ಊರಿನಲ್ಲಿ ಲೆಕ್ಕವೇ ಬೇರೆ.

ಎಲ್ಲರೂ ಏರಿಗೆ ಹೆದರುತ್ತಾರೆ. ಎರಡನ್ನೂ ಮಾಡಿದ ಮೇಲೆ ನನಗೆ ಅನ್ನಿಸಿದ್ದು, ಏರು ದೊಡ್ಡ ವಿಷಯವೇ ಅಲ್ಲ. ಓಡುವಾಗ ಏರು ಬಂದರೆ ನಡೆದರಾಯಿತು. ಕಡಿದಾದ ಏರಿನಲ್ಲಿ ಬಿರುಸಾಗಿ ನಡೆದರೂ ಎದೆಬಡಿತ ಓಟದಷ್ಟೇ ಏರುತ್ತದೆ, ವ್ಯಾಯಾಮ ಕಡಿಮೆಯಾಗುವುದಿಲ್ಲ. ಸೈಕಲ್ಲಿಗಾದರೆ ಗೇರ್ ಇದೆ. ಮುಂದೆ ಪೆಡಲಿನ ಹತ್ತಿರದ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಹಲ್ಲುಚಕ್ರದಲ್ಲೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಅಂದರೆ ಸುಮಾರು ಎರಡು ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ. ನಿಧಾನ, ಆದರೆ ಉಸಿರು ಕೈಯಲ್ಲಿರುತ್ತದೆ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಅದೇ ಒಂದು ಸುತ್ತಿಗೆ ಐದು ಮೀಟರಿಗಿಂತ ಜಾಸ್ತಿ ದೂರ ಎಳೆಯಬೇಕು. ರಾಜಾಸೀಟಿನ ಕಡೆಯ ಏರಿನಲ್ಲಿ ಅದನ್ನು ತುಳಿಯುವುದಕ್ಕಿಂತ ತಳ್ಳಿಕೊಂಡು ಹೋಗುವುದೇ ಸುಲಭ. ಮಡಿಕೇರಿ, ಸೋಮವಾರಪೇಟೆ, ಭಾಗಮಂಡಲದ ಕಡೆಯವರು ಸೈಕಲ್ ಕೊಳ್ಳುವಾಗ ಮೊದಲು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಅಂತ ಕೇಳಿ. ಬಣ್ಣ, ಶಾಕ್ ಅಬ್ಸಾರ್ಬರ್ ಎಲ್ಲ ಆಮೇಲೆ.

ನಿಜವಾದ ಪರೀಕ್ಷೆ ಇಳಿಜಾರಿನಲ್ಲಿದೆ.

ಓಟದ ಇಳಿತವನ್ನು ಮೊದಲು ನೋಡೋಣ. ಇಳಿಯುವಾಗ ಉಸಿರು ಆರಾಮ, ಅದಕ್ಕೇ ವೇಗ ತಾನಾಗಿ ಬರುತ್ತದೆ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕಬೇಕು. ಹಿಗ್ಗುತ್ತಾ ಹಿಗ್ಗುತ್ತಾ ಭಾರ ತಡೆಯಬೇಕು. ಈ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ನೋವು ಅವತ್ತು ಕಾಣುವುದಿಲ್ಲ, ಮಾರನೇ ದಿನ, ಮೂರನೇ ದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಒಳ್ಳೆಯ ಸುದ್ದಿ ಅಂದರೆ ದೇಹ ಇದನ್ನು ಬೇಗ ಕಲಿಯುತ್ತದೆ. ಮುಂದಿನ ಸಲ ಅದೇ ಇಳಿತಕ್ಕೆ ಅಷ್ಟು ನೋವಿರುವುದಿಲ್ಲ. ಚಿಕ್ಕ ಹೆಜ್ಜೆ, ಬೇಗ ಬೇಗ ಹೆಜ್ಜೆ, ಮೈ ಹಿಂದಕ್ಕೆ ವಾಲಿಸದೆ ಇಳಿಯುವುದು, ಇಷ್ಟು ರೂಢಿಯಾದರೆ ಮಂಡಿಗೂ ಹಗುರ. ಆಗದಿದ್ದರೆ ಇಳಿತದಲ್ಲೂ ನಡೆದುಬಿಡಿ, ಅಷ್ಟೇ.

ಸೈಕಲ್ಲಿನಲ್ಲಿ ಈ 'ನಡೆದುಬಿಡಿ' ಅನ್ನುವ ದಾರಿ ಅಷ್ಟು ಸುಲಭವಲ್ಲ, ತಳ್ಳಿಕೊಂಡು ಇಳಿಯಬೇಕು. ಸವಾರಿಯೇ ಬೇಕಾದರೆ ಹತ್ತಿದ್ದನ್ನು ಕೂತೇ ಇಳಿಯಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ 800 ಚಿಲ್ಲರೆ ಮೀಟರ್. ನಡುವಿನ 30 ಕಿಲೋಮೀಟರಿನಲ್ಲಿ ಇಳಿತದ ಹೆಚ್ಚಿನ ಪಾಲು ಮಡಿಕೇರಿ ಬಿಟ್ಟು ಸುಂಟಿಕೊಪ್ಪ ಸೇರುವುದರೊಳಗೇ ಇದೆ. ತಿರುವಿನ ಮೇಲೆ ತಿರುವು, ಎದುರಿಗೆ ಬಸ್ಸು, ಹಿಂದೆ ಟೂರಿಸ್ಟ್ ಕಾರು. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಬಿಸಿಯಾಗುತ್ತದೆ, ಬೆರಳು ಜೋಮು ಹಿಡಿಯುತ್ತದೆ. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ಮಳೆಯಲ್ಲಿ ಚಕ್ರದ ಹೊರ ಅಂಚನ್ನೇ (ರಿಮ್) ಹಿಡಿಯುವ ರಿಮ್ ಬ್ರೇಕ್ ಆದರೆ ಮೊದಲು ರಿಮ್ಮಿನ ನೀರು ಒರೆಸಿಕೊಂಡು ಆಮೇಲೆ ಹಿಡಿಯುತ್ತದೆ. ಆ ಒಂದು ಕ್ಷಣದಲ್ಲಿ ಸೈಕಲ್ ಎಷ್ಟೋ ದೂರ ಹೋಗಿರುತ್ತದೆ. ಕೊಡಗಿಗೆ ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕೇ ಸರಿ ಅಂತ ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಅದರ ಪ್ಯಾಡ್ ಕೂಡ ಮಳೆಯ ಕೆಸರು, ಮರಳಿನಲ್ಲಿ ಬೇಗ ಸವೆಯುತ್ತದೆ, ನೋಡುತ್ತಿರಬೇಕು.

ಇನ್ನೊಂದು ವಿಷಯ. ಇಳಿಜಾರಿನಲ್ಲಿ ಸೈಕಲ್ ಓಡುತ್ತದೆ, ನಾವು ಸುಮ್ನೆ ಕೂತಿರುತ್ತೇವೆ. ಎರಡು ಗಂಟೆ ಸೈಕಲ್ ಹೊಡೆದೆ ಅನ್ನುವಾಗ ಅದರಲ್ಲಿ ತುಳಿದ ಹೊತ್ತೆಷ್ಟು, ಜಾರಿದ ಹೊತ್ತೆಷ್ಟು ಅಂತ ನೋಡಬೇಕು. ವಾರಕ್ಕೆ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಅಥವಾ 75 ನಿಮಿಷ ಜೋರು ಶ್ರಮದ ವ್ಯಾಯಾಮ ಕನಿಷ್ಠ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓಟದಲ್ಲಿ ಆ 75 ನಿಮಿಷ ಮೂರು ಬೆಳಗಿನಲ್ಲಿ ಮುಗಿಯುತ್ತದೆ. ಅಡುಗೆ, ಮಕ್ಕಳ ಬಸ್ಸು, ಆಫೀಸು ಎಲ್ಲ ಇರುವವರಿಗೆ ಇದು ಸಣ್ಣ ಲಾಭವಲ್ಲ. ಸೈಕಲ್ಲಿಗೆ ಗಾಳಿ ನೋಡಿ, ಲೈಟ್ ಹಾಕಿ, ಹೆಲ್ಮೆಟ್ ಕಟ್ಟಿ ಹೊರಡುವುದರಲ್ಲೇ ಕಾಲು ಗಂಟೆ ಹೋಗುತ್ತದೆ.

ಮೂಳೆಯ ವಿಷಯದಲ್ಲೂ ಓಟ ಮುಂದೆ. ನೆಲಕ್ಕೆ ಕಾಲು ಬಡಿದಾಗ ಮೂಳೆಗೆ ಸಿಗುವ ಒತ್ತಡವೇ ಅದನ್ನು ಗಟ್ಟಿಯಾಗಿ ಇಡುತ್ತದೆ. ಸೈಕಲ್ಲಿನಲ್ಲಿ ಮೈಭಾರ ಸೀಟಿನ ಮೇಲಿರುವುದರಿಂದ ಆ ಕೆಲಸ ಆಗುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಹತ್ತಿರ ಮೂಳೆ ತೆಳುವಾಗುವುದು ಜಾಸ್ತಿ. ನನ್ನ ವಯಸ್ಸಿನ ಹೆಂಗಸರಿಗೆ ನಾನು ಇದನ್ನೇ ಒತ್ತಿ ಹೇಳುವುದು. ಆದರೆ ಅದೇ ಬಡಿತ ಕೆಲವರಿಗೆ ಆಗಿಬರುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ತೂಕ ತುಂಬ ಇರುವವರು, ಮಂಡಿಗೆ ಪೆಟ್ಟಾದವರು ಸೈಕಲ್ಲಿನಿಂದ ಶುರು ಮಾಡುವುದು ಒಳ್ಳೆಯದು. ನಮ್ಮಲ್ಲಿ ಹಾಕಿ ಆಡಿ ಮಂಡಿ ನೋಯಿಸಿಕೊಂಡವರು ಮನೆಗೊಬ್ಬರು ಸಿಗುತ್ತಾರೆ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಒಂದೇ ತಂಡದಲ್ಲಿ ಆಡಿದ್ದನ್ನು ನೋಡಿದ್ದೇವೆ. ಅಂಥ ಮಾವಂದಿರಿಗೆ, ಅಣ್ಣಂದಿರಿಗೆ ನಾನು ಓಡಿ ಅನ್ನುವುದಿಲ್ಲ.

ಈಗ ಮಳೆ. ಇದನ್ನು ಬಿಟ್ಟು ಕೊಡಗಿನಲ್ಲಿ ಯಾವ ಹೋಲಿಕೆಯೂ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವುದು ಸಾಮಾನ್ಯ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸೈಕಲ್ ಹೊರಗೆ ತೆಗೆಯುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಮಂಜಿನಲ್ಲಿ ಹತ್ತು ಮಾರು ಆಚೆ ಏನಿದೆ ಅಂತ ಕಾಣುವುದಿಲ್ಲ. ರಸ್ತೆಯ ಅಂಚಿನಲ್ಲಿ ಪಾಚಿ, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಕುಸಿದು ಬಂದ ಮಣ್ಣು, ಬಿದ್ದ ಕೊಂಬೆ. ಮನೆಗೆ ಬಂದ ಮೇಲೆ ಚೈನ್ ತೊಳೆದು, ಒರೆಸಿ, ಎಣ್ಣೆ ಬಿಡದಿದ್ದರೆ ಎರಡೇ ದಿನಕ್ಕೆ ತುಕ್ಕು. ಓಟಗಾರನಿಗೆ ಮಳೆಯಲ್ಲಿ ಇರುವ ಕಷ್ಟ ಮುಖ್ಯವಾಗಿ ಶೂ ಒಣಗುವುದಿಲ್ಲ ಅನ್ನುವುದು. ಒಳಗೆ ಹಳೆ ಪೇಪರ್ ತುರುಕಿ, ಒಂದೆರಡು ಸಲ ಬದಲಾಯಿಸಿದರೆ ಬೆಳಗ್ಗೆಗೆ ಸುಮಾರಾಗಿ ಒಣಗಿರುತ್ತದೆ. ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ತೋಟದ ದಾರಿಯಲ್ಲಿ ಓಡಿದರೆ ಜಿಗಣೆ ಇದ್ದೇ ಇದೆ, ಟಾರ್ ರಸ್ತೆಯಲ್ಲಿ ಅದರ ಕಾಟ ಕಡಿಮೆ. ನೆನೆದರೂ ಅರ್ಧ ಗಂಟೆ ಓಡಿ ಬಂದು ಬಿಸಿನೀರು ಹಾಕಿಕೊಂಡಾಗ ಸಿಗುವ ಸುಖ ನನಗೆ ತುಂಬ ಇಷ್ಟ. ಮಳೆಗಾಲದಲ್ಲಿ ಮನೆಯೊಳಗೇ ಕೂತು ಬರುವ ಬೇಜಾರು ಇದರಿಂದ ಬಹಳ ಮಟ್ಟಿಗೆ ಹೋಯಿತು.

ಆನೆ ಇರುವ ಕಡೆ ಎರಡಕ್ಕೂ ಒಂದೇ ನಿಯಮ: ಬೆಳಕು ಪೂರ್ತಿ ಹರಿಯುವ ಮೊದಲು ಹೋಗಬೇಡಿ, ಮಬ್ಬಾಗುವ ಮೊದಲು ಮನೆ ಸೇರಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಆನೆಕಾಡು ಸುತ್ತಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಎರಡರ ನಡುವೆ ವ್ಯತ್ಯಾಸ ಇದೆ. ಸೈಕಲ್ಲಿಗೆ ಸದ್ದಿಲ್ಲ, ವೇಗ ಜಾಸ್ತಿ. ತಿರುವಿನಲ್ಲಿ ಆನೆಗೂ ನಾವು ಬರುವುದು ಗೊತ್ತಾಗುವುದಿಲ್ಲ, ನಮಗೂ ಬಿದಿರು ಮುರಿಯುವ ಸದ್ದು ಗಾಳಿಯಲ್ಲಿ ಕೇಳುವುದಿಲ್ಲ. ಕಾಲ್ನಡಿಗೆಯಲ್ಲಿ ಕಿವಿ ತೆರೆದಿರುತ್ತದೆ. ಹಾಗಂತ ಇಯರ್‌ಫೋನ್ ಹಾಕಿಕೊಂಡು ಓಡಿದರೆ ಆ ಲಾಭವೂ ಇಲ್ಲ. ತೋಟದ ಕೆಲಸದವರು ಇರುವ ಲೈನ್ ಮನೆಗಳ ಹತ್ತಿರ ನಾಯಿಗಳು ಓಡುವವರಿಗಿಂತ ಸೈಕಲ್ಲನ್ನು ಜಾಸ್ತಿ ಅಟ್ಟುತ್ತವೆ. ಇಳಿದು, ನಾಯಿಗೂ ನಮಗೂ ನಡುವೆ ಸೈಕಲ್ ಇಟ್ಟುಕೊಂಡು ನಿಂತರೆ ಬಹಳ ಸಲ ಸುಮ್ಮನಾಗುತ್ತವೆ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಓಟಕ್ಕೆ ಒಂದು ಜೊತೆ ಒಳ್ಳೆಯ ಶೂ ಸಾಕು, ಅದು 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಸೈಕಲ್ಲಿಗೆ ಅದರ ಹಲವು ಪಟ್ಟು ದುಡ್ಡು ಬೇಕು. ಪಂಕ್ಚರ್ ಎಲ್ಲಿ ಬೇಕಾದರೂ ಹಾಕಿಸಬಹುದು, ಗೇರ್ ಕೆಟ್ಟರೆ ಮೈಸೂರಿನ ದಾರಿ ಹಿಡಿಯಬೇಕಾದೀತು.

ಇಷ್ಟು ಹೇಳಿದ ಮೇಲೂ, ಸಂತೋಷದ ವಿಷಯ ಬಂದಾಗ ನಾನು ಸೈಕಲ್ಲನ್ನು ಬಿಟ್ಟುಕೊಡುವುದಿಲ್ಲ. ಸಪಾಟು ನೆಲದಲ್ಲಿ ಓಡುವಷ್ಟೇ ಶ್ರಮದಲ್ಲಿ ಸೈಕಲ್ ಹೆಚ್ಚುಕಡಿಮೆ ಮೂರು ಪಟ್ಟು ದೂರ ಒಯ್ಯುತ್ತದೆ. ನಾದಿನಿಯ ಜೊತೆ ಕುಶಾಲನಗರದಿಂದ ಹಾರಂಗಿ ಅಣೆಕಟ್ಟೆಯ ಕಡೆ ಹೋಗಿ ಬಂದರೆ, ಅಥವಾ ಕಾವೇರಿ ದಾಟಿ ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನ ಹೊಲಗಳ ನಡುವೆ ಸುತ್ತಿದರೆ, ಮಾತಾಡುತ್ತಾ ಮಾತಾಡುತ್ತಾ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಓಡುವಾಗ ನನಗೆ ಅಷ್ಟು ಮಾತು ಬರುವುದಿಲ್ಲ. ಅಲ್ಲಿಯ ರಸ್ತೆಯಲ್ಲಿ ಅವಳು ಹೇಳುವುದು ನಿಜ, ಸೈಕಲ್ಲೇ ಮೇಲು. ಕುಶಾಲನಗರ, ಹೆಬ್ಬಾಲೆ, ಕೂಡಿಗೆ ಕಡೆಯವರಾಗಿದ್ದರೆ ನೀವೂ ಧಾರಾಳವಾಗಿ ಅವಳ ಪಕ್ಷ ಸೇರಬಹುದು.

ಮಾರ್ಚಿನ ಹೂಮಳೆ ಬಿದ್ದು ವಾರ ಕಳೆದ ಮೇಲೆ ಕಾಫಿ ಅರಳುತ್ತದಲ್ಲ, ಆಗ ಮಾತ್ರ ನಾನು ಓಡಬೇಕು. ಆ ವಾಸನೆಯ ಒಳಗೆ ನಿಧಾನಕ್ಕೆ ಹೋಗಬೇಕು. ಸೈಕಲ್ಲಿನಲ್ಲಿ ತೋಟ ಬೇಗ ದಾಟಿಬಿಡುತ್ತದೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಹವೆ ಎರಡಕ್ಕೂ ಚೆನ್ನ. ಆದರೆ ಅದು ಕುಯ್ಲಿನ ಕಾಲ, ಬೆಳಗ್ಗೆ ಕೆಲಸದವರನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ತೋಟದ ರಸ್ತೆಯಲ್ಲಿ ಜೋರಾಗಿ ಬರುತ್ತವೆ. ಶನಿವಾರ ಭಾನುವಾರ ಟೂರಿಸ್ಟರು ತುಂಬುವ ಮಾಂದಲಪಟ್ಟಿ, ಅಬ್ಬಿ ಫಾಲ್ಸ್ ರಸ್ತೆಗೆ ನಾನು ಓಟಕ್ಕೂ ಹೋಗುವುದಿಲ್ಲ, ಸೈಕಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಒಂದೇ ಆರಿಸು ಅಂದರೆ? ಗುಡ್ಡದ ಮೇಲಿನ ಊರಿನವರಿಗೆ ಓಟ. ಕಾರಣ ಇಳಿಜಾರು: ಓಟಗಾರ ಅದನ್ನು ಆರಾಮವಾಗಿ ನಡೆದು ದಾಟಬಹುದು, ಸೈಕಲ್ ಸವಾರ ಸೈಕಲ್ ತಳ್ಳಿಕೊಂಡೇ ಇಳಿಯಬೇಕು. ಪಿ.ಟಿ. ಉಷಾ ಅವರನ್ನೇ ಹಿಂದಿಕ್ಕಿದ ಓಟಗಾರ್ತಿ ಅಶ್ವಿನಿ ನಾಚಪ್ಪ ನಮ್ಮ ಕೊಡಗಿನವರು. ಆದರೂ ಇಲ್ಲಿ ಮಧ್ಯವಯಸ್ಸಿನ ಹೆಂಗಸು ರಸ್ತೆಯಲ್ಲಿ ಓಡಿದರೆ "ಅಕ್ಕ, ಬಸ್ಸು ತಪ್ಪಿತಾ?" ಅಂತ ಕೇಳುವವರು ಇದ್ದಾರೆ. ಕೇಳಲಿ. ನಾಲ್ಕು ದಿನ ನೋಡಿದರೆ ಅವರಿಗೂ ರೂಢಿಯಾಗುತ್ತದೆ. ಈಗ ನಮ್ಮ ಬೀದಿಯ ಇಬ್ಬರು ನನ್ನ ಜೊತೆ ಬರುತ್ತಾರೆ.

ಶುರು ಮಾಡುವವರು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ, ಮಳೆ ಹಿಂದಾದಾಗ ಹೊರಡಿ. ಮೊದಲ ಕೆಲವು ವಾರ ಇಳಿಜಾರು ಬೇಡ. ಮಡಿಕೇರಿಯ ಜನರಲ್ ತಿಮ್ಮಯ್ಯ ಕ್ರೀಡಾಂಗಣದಂಥ ಸಪಾಟು ಮೈದಾನದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಅಂತ ಇಪ್ಪತ್ತು ನಿಮಿಷ ಸಾಕು. ಜೊತೆಯವರ ಹತ್ತಿರ ಒಂದು ಪೂರ್ತಿ ವಾಕ್ಯ ಹೇಳಲು ಆಗುವಷ್ಟೇ ವೇಗದಲ್ಲಿ ಹೋಗಿ. ಎದೆನೋವು, ಬಿಪಿ, ಶುಗರ್ ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ. ಸೈಕಲ್ ಬೇಕೇ ಬೇಕು ಅನ್ನಿಸಿದರೆ ಕೊಳ್ಳುವ ಮೊದಲು ಗೆಳೆಯರದ್ದನ್ನು ಕೇಳಿ ಪಡೆದು, ನಿಮ್ಮ ಮನೆಯ ಹತ್ತಿರದ ಅತಿ ಕಡಿದಾದ ಇಳಿಜಾರಿನಲ್ಲಿ ಒಮ್ಮೆ ನಿಧಾನವಾಗಿ ಇಳಿದು ನೋಡಿ. ಬ್ರೇಕ್ ಹಿಡಿದ ಬೆರಳು ಕೆಳಗೆ ತಲುಪುವವರೆಗೂ ಆರಾಮವಾಗಿದ್ದರೆ ಅಂಥದ್ದೇ ಸೈಕಲ್ ತೆಗೆದುಕೊಳ್ಳಿ.