ಪನೀರ್, ಸೋಯಾ, ಹಿಂಡಿ: ರೊಟ್ಟಿ ಇಳಿಸಿದ ಮೇಲೆ ತಾಟಿನಲ್ಲಿ ಏನು?

ಊಟಕ್ಕೆ ನಾಲ್ಕು ಜೋಳದ ರೊಟ್ಟಿ ತಿನ್ನುವವನು ನಾನು. ಒಂದು ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದರಲ್ಲಿ 35 ಗ್ರಾಂನಷ್ಟು ಕಾರ್ಬ್ (ಮೈಯಲ್ಲಿ ಸಕ್ಕರೆಯಾಗುವ ಪಿಷ್ಟದಂಥ ಅಂಶ). ನಾಲ್ಕಕ್ಕೆ 140. ಶುಗರ್ ಗಡಿ ಮುಟ್ಟಿದೆ ಅಂತ ಗೊತ್ತಾದ ದಿನ ಈ ಲೆಕ್ಕ ಹಾಕಿ, ನಾಲ್ಕನ್ನು ಒಂದಕ್ಕೆ ಇಳಿಸಿದೆ. ಅನ್ನ ಬಿಟ್ಟೆ. "ಬರೇ ಪಲ್ಯ ಉಂಡ್ರ ಹೊಟ್ಟಿ ತುಂಬ್ತದೇನಪಾ?" ಅಂದಳು ಅವ್ವ.

ತುಂಬಲಿಲ್ಲ. ಬೇಳೆ ಜಾಸ್ತಿ ಮಾಡಿದೆ. ಕಲಬುರಗಿಯವರಿಗೆ ಮೊದಲು ಕೈ ಹೋಗೋದೇ ತೊಗರಿಬೇಳೆ ಡಬ್ಬಿಗೆ, ಅಲ್ವಾ? ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಆದರೆ 100 ಗ್ರಾಂ ಬೇಳೆಯಲ್ಲಿ ಪ್ರೋಟೀನ್ 22 ಗ್ರಾಂ ಇದ್ದರೆ ಕಾರ್ಬ್ ಅದರ ಎರಡೂವರೆ ಪಟ್ಟು. ರೊಟ್ಟಿಯಲ್ಲಿ ಬಿಟ್ಟಿದ್ದು ಬೇಳೆಯಲ್ಲಿ ವಾಪಸ್ ಬರುತ್ತಿತ್ತು.

ನನ್ನ ತೂಕ 72 ಕೆಜಿ. ಕೆಜಿಗೆ 0.83 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ ಮನೆಗೆ ಬರೋದಿಲ್ಲ. ಹಾಗಾಗಿ ಯುಗಾದಿ ಆದ ಮೇಲೆ ಮೂರು ದಾರಿ ನೋಡಿದೆ, ಒಂದೊಂದು ಮೂರು ವಾರ: ಪನೀರ್, ಸೋಯಾ, ಹಿಂಡಿ (ನಮ್ಮ ಕಡೆಯ ಕುಟ್ಟಿದ ಚಟ್ನಿಪುಡಿ).

ಮೊದಲು ಪನೀರ್. ದಿನಕ್ಕೆ 150 ಗ್ರಾಂ ತಿಂದರೆ 27 ಗ್ರಾಂ ಪ್ರೋಟೀನ್, ಕಾರ್ಬ್ ಬಹಳ ಕಡಿಮೆ. ಜೊತೆಗೆ ಗಟ್ಟಿ ಮೊಸರು. ಹೊಟ್ಟೆ ತುಂಬುವುದರಲ್ಲಿ ಇದಕ್ಕೇ ಮೊದಲ ನಂಬರ್. ಆದರೆ ನಮ್ಮ ಬೇಸಿಗೆಯಲ್ಲಿ ಕರೆಂಟ್ ಎರಡು ತಾಸು ಹೋದರೂ ಸಾಕು, ಪನೀರ್ ಹುಳಿ ವಾಸನೆ ಹೊಡೆಯುತ್ತದೆ. ಒಂದು ಸಲ ತಂದದ್ದು ಹಲ್ಲಿಗೆ ರಬ್ಬರಿನ ಹಾಗೆ ಸಿಕ್ಕಿತು. ಅನುಮಾನ ಬಂದು ಒಂದು ತುಂಡು ನೀರಲ್ಲಿ ಕುದಿಸಿ, ಆರಿಸಿ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಎರಡು ಹನಿ ಬಿಟ್ಟೆ. ಅಂಚಿನಿಂದ ಶುರುವಾಗಿ ತುಂಡು ಪೂರ್ತಿ ಕಡುನೀಲಿ ಆಯಿತು. ಅಂದರೆ ಪಿಷ್ಟ ಬೆರೆಸಿದ್ದಾರೆ. ಕಾರ್ಬ್ ಬೇಡ ಅಂತ ದುಡ್ಡು ಕೊಟ್ಟು ಕಾರ್ಬ್ ತಂದಿದ್ದೆ! ಆಮೇಲೆ ಮನೆಯಲ್ಲೇ ಹಾಲು ಒಡೆಸಿದೆವು. ಒಂದು ಲೀಟರ್ ಎಮ್ಮೆ ಹಾಲಿಗೆ ಸುಮಾರು 200 ಗ್ರಾಂ ಬಂತು. ರುಚಿ ಬೇರೆಯೇ. ಖರ್ಚೂ ಬೇರೆಯೇ.

ಸೋಯಾ ಚಂಕ್ಸ್ ಲೆಕ್ಕದಲ್ಲಿ ಎಲ್ಲರನ್ನೂ ಸೋಲಿಸುತ್ತದೆ. ಒಣಗಿದ್ದು 50 ಗ್ರಾಂಗೆ 26 ಗ್ರಾಂ ಪ್ರೋಟೀನ್, ಅದೂ ಪನೀರಿನ ಕಾಲು ಭಾಗ ದುಡ್ಡಿಗೆ. ಬೀದರ್ ಕಡೆ ಹೊಲದ ತುಂಬ ಸೋಯಾ ಬೆಳೆಯುತ್ತಾರೆ, ಆದರೆ ಅಡುಗೆ ಮನೆಗೆ ಅದು ಇನ್ನೂ ನೆಂಟನೇ. ಕುದಿಸಿ, ಹಿಂಡಿ, ಮತ್ತೆ ತೊಳೆದು ಹಿಂಡದಿದ್ದರೆ ಆ ವಾಸನೆ ಹೋಗೋದಿಲ್ಲ. ಎಣ್ಣೆಗಾಯಿ ಮಸಾಲೆಯಲ್ಲಿ ಹಾಕಿದಾಗ ಮಾತ್ರ ಮಕ್ಕಳು ಮುಟ್ಟಿದರು. ನನಗೆ ಗ್ಯಾಸ್. ಎರಡನೇ ವಾರಕ್ಕೇ ಬೇಸರ ಬಂತು.

ಕೊನೆಗೆ ಉಳಿದದ್ದು ಮನೆಯದೇ ದಾರಿ, ಹಿಂಡಿ. ಇಷ್ಟು ದಿನ ರೊಟ್ಟಿ ಅಂಚಿಗೆ ಒಂದು ಚಮಚ ಬೀಳುತ್ತಿದ್ದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳನ್ನು ಮೊಸರಲ್ಲಿ ಕಲಸಿ ಬಟ್ಟಲು ತುಂಬ ತಿಂದೆ. 50 ಗ್ರಾಂ ಶೇಂಗಾಕ್ಕೆ 12 ಗ್ರಾಂ ಪ್ರೋಟೀನ್. ಅಗಸಿಯಲ್ಲಿ ಕಾರ್ಬ್ ಅಂತ ಬರೆದಿರುವುದು ಹೆಚ್ಚು ಕಡಿಮೆ ಪೂರ್ತಿ ನಾರೇ. ಪನೀರ್ ವಾರಗಳಲ್ಲಿ ಕಾಡಿದ ಮಲಬದ್ಧತೆ ಇಲ್ಲಿ ಇರಲಿಲ್ಲ. ಆದರೆ ಅಗಸಿಯನ್ನು ಕುಟ್ಟಲೇಬೇಕು, ಇಡೀ ಕಾಳು ಬಂದ ಹಾಗೆ ಹೊರಗೆ ಹೋಗುತ್ತದೆ. ಪುಂಡಿ ಸೊಪ್ಪಿನ ಪಲ್ಯಕ್ಕೆ ಹಾಕುವ ಜೋಳದ ನುಚ್ಚನ್ನು ಹೆಂಡತಿ ಒಂದು ಹಿಡಿಗೆ ಇಳಿಸಿದಳು. ನುಚ್ಚಿಲ್ಲದ ಪುಂಡಿ ಪಲ್ಯ ಪಲ್ಯವೇ ಅಲ್ಲ ಅಂತ ಅವ್ವನ ತಕರಾರು. ನನ್ನದೂ ಅದೇ ಅನ್ನಿ.

ಹಿಂಡಿಯ ತೊಂದರೆ ಎಣ್ಣೆಯಂಶ. ಶೇಂಗಾದಲ್ಲಿ ಅರ್ಧದಷ್ಟು ಕೊಬ್ಬೇ. ಸುಮ್ನೆ ಬಾಯಾಡಿಸುತ್ತಾ ಕೂತು ಒಂದು ಕೆಜಿ ತೂಕ ಏರಿಸಿಕೊಂಡೆ. ಉಪ್ಪೂ ಜಾಸ್ತಿ ಆಗುತ್ತದೆ. ಬಿಪಿ ಇದ್ದವರು ಉಪ್ಪು ಅರ್ಧ ಮಾಡಿ ಕುಟ್ಟಿಸಿಕೊಳ್ಳಿ.

ವಿಟಮಿನ್ ಬಿ-12 ವಿಷಯದಲ್ಲಿ ಸೋಯಾ, ಹಿಂಡಿ ಎರಡೂ ಸೊನ್ನೆ. ಸಸ್ಯಾಹಾರಿಗೆ ಅದು ಹಾಲು, ಮೊಸರು, ಪನೀರಿಂದಲೇ ಬರಬೇಕು. ನನ್ನದು ರಕ್ತ ಪರೀಕ್ಷೆಯಲ್ಲಿ ಕಡಿಮೆ ಬಂತು, ಮಾತ್ರೆ ನಡೀತಾ ಇದೆ. ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯಲಿ ಅಂತ ನಿಂಬೆ ಹಿಂಡಿಕೊಳ್ಳುತ್ತೇನೆ. ಊಟ ಆದ ತಕ್ಷಣದ ಚಹಾ ಒಂದು ತಾಸು ಮುಂದೆ ಹೋಗಿದೆ, ಅದೇ ಎಲ್ಲಕ್ಕಿಂತ ಕಷ್ಟ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ನನ್ನ ಹಾಗೆ ಒಂದೇ ದಿನ ರೊಟ್ಟಿ ಇಳಿಸಬೇಡಿ. ಶುಗರ್ ತೀರಾ ಕೆಳಗೆ ಬಿದ್ದು ತಲೆ ತಿರುಗಬಹುದು. ಡಾಕ್ಟರಿಗೆ ಮೊದಲೇ ಹೇಳಿ.

ಈಗ ಮಧ್ಯಾಹ್ನ ಒಂದು ರೊಟ್ಟಿ, ಪಲ್ಯ ಎರಡು ಸೌಟು, ಅಳೆದ ಮೂರು ಚಮಚ ಹಿಂಡಿ, ದೊಡ್ಡ ಬಟ್ಟಲು ಮೊಸರು. ರಾತ್ರಿ ಮನೆ ಪನೀರ್. ದುಡ್ಡು ಬಿಗಿಯಾದ ವಾರ ಸೋಯಾ, ಎಣ್ಣೆಗಾಯಿ ಮಸಾಲೆಯಲ್ಲೇ.